ಕೊನೆಯ ಅರ್ಧ ಬೈಟು: ಎಸ್‌0ಸಿ7 ಪತ್ತೆ ಹಚ್ಚುವ ಬಗೆ

ಹಳೆಯ ಮೇನ್‌ಫ್ರೇಮಿನ ಕೋಬಾಲ್ ಭಾಷೆ ಕಲಿಯಲು ಹಾಸನದ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಈಗ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್ ಬೇಕಿಲ್ಲ. ರೋಜರ್ ಬೌಲರ್ 1999ರಲ್ಲಿ ಹೊರತಂದ ಹರ್ಕ್ಯುಲಿಸ್ ಎಮ್ಯುಲೇಟರ್ (ಮೇನ್‌ಫ್ರೇಮನ್ನು ಅನುಕರಿಸುವ ತಂತ್ರಾಂಶ), ಐಬಿಎಂನ ಹಳೆಯ ಕಾರ್ಯಾಚರಣಾ ವ್ಯವಸ್ಥೆ ಎಂವಿಎಸ್ 3.8ಜೆ, ಅದರ ಮೇಲೆ ಓಡುವ ಹಳೆಯ ಕೋಬಾಲ್ ಕಂಪೈಲರ್, ಮೇನ್‌ಫ್ರೇಮಿನ ಪರದೆ ತೋರಿಸುವ ಒಂದು 3270 ಟರ್ಮಿನಲ್ ತಂತ್ರಾಂಶ ಇದ್ದರೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ಕಂಪೈಲ್ ಆಗುವುದು ಸುಲಭ. ಓಡುವಾಗ ಪ್ರೋಗ್ರಾಂ ಎಸ್‌0ಸಿ7 (ಸಂಖ್ಯೆಯ ಜಾಗದಲ್ಲಿ ಸಂಖ್ಯೆಯಲ್ಲದ್ದು ಇದೆ ಎಂಬ ದೋಷಸಂಕೇತ) ಎಂದು ನಿಂತುಬಿಟ್ಟರೆ ಅಸಲಿ ಪಾಠ ಶುರು.

ಚಿಕ್ಕಮಗಳೂರಿನ ಕಾಫಿ ಖರೀದಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ತೂಕದ ಅಂಕಣವನ್ನು ಐದಂಕಿಯ ಕಾಂಪ್‌-3 (ಅಂಕಿಗಳನ್ನು ಒತ್ತಾಗಿ ಜೋಡಿಸಿಡುವ ಬಗೆ) ಎಂದು ಘೋಷಿಸಿದರೆ ಅದಕ್ಕೆ 3 ಬೈಟು. ಒಂದೊಂದು ಅರ್ಧ ಬೈಟಿಗೆ ಒಂದು ಅಂಕಿ, ಕೊನೆಯ ಅರ್ಧ ಚಿಹ್ನೆಗೆ. 12345 ಕೆ.ಜಿ. ಎಂಬುದು ಹೆಕ್ಸ್‌ನಲ್ಲಿ (9ರ ನಂತರ ಎ ಇಂದ ಎಫ್‌ವರೆಗೆ ಎಣಿಸುವ ಹದಿನಾರರ ಲೆಕ್ಕ) 12 34 5ಸಿ, ಸಿ ಅಂದರೆ ಪ್ಲಸ್ ಚಿಹ್ನೆ. ಇನ್ನು ಇಡೀ ರೆಕಾರ್ಡಿಗೆ ‘ಮೂವ್ ಸ್ಪೇಸಸ್’ ಮಾಡಿ ಖಾಲಿ ಅಕ್ಷರ ತುಂಬಿದರೆ? ಮೇನ್‌ಫ್ರೇಮಿನ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನಲ್ಲಿ ಸ್ಪೇಸ್ ಅಂದರೆ ಹೆಕ್ಸ್ 40. ತೂಕದಲ್ಲಿ 40 40 40 ಬಂದು ಕೂರುತ್ತದೆ. ಮೊದಲ ಐದು ಅಂಕಿಗಳಿಗೆ ತಕರಾರಿಲ್ಲ. ಕೊನೆಯಲ್ಲಿ ಎ ಇಂದ ಎಫ್‌ವರೆಗಿನ ಚಿಹ್ನೆ ಇರಬೇಕಾದ ಕಡೆ 0 ಇದೆ. ಕಂಪೈಲರ್ ಇದನ್ನು ತಡೆಯುವುದಿಲ್ಲ. ಕೂಡಿಸುವ ಎಪಿ ಆದೇಶ ಬಂದ ಕ್ಷಣ ಯಂತ್ರವೇ ನಿಲ್ಲಿಸುತ್ತದೆ. ತಪ್ಪು ಮೊತ್ತ ಅಚ್ಚಾಗಿ ರೈತನ ಕೈಗೆ ಹೋಗುವುದಕ್ಕಿಂತ ಇದು ಎಷ್ಟೋ ವಾಸಿ. ‘ಆನ್ ಸೈಜ್ ಎರರ್’ ಬರೆದಿದ್ದೇನಲ್ಲ ಎಂದು ನಂಬಿ ಕೂರಬೇಡಿ, ಅದು ಉತ್ತರ ಅಂಕಣಕ್ಕೆ ಹಿಡಿಸದಿದ್ದಾಗಿನ ಎಚ್ಚರಿಕೆ, ಈ ದೋಷವನ್ನು ಹಿಡಿಯುವುದಿಲ್ಲ.

ಜಾಗ ಪತ್ತೆ ಹಚ್ಚಲು ಎರಡು ಸಿದ್ಧತೆ ಮೊದಲೇ ಇರಬೇಕು: ಕಂಪೈಲ್ ಹಂತದ ಪಾರ್ಮ್‌ನಲ್ಲಿ (ಆಯ್ಕೆಗಳ ಪಟ್ಟಿ) ಪಿಮ್ಯಾಪ್, ಅಂದರೆ ಕೋಬಾಲ್ ಸಾಲುಗಳಿಂದ ಹುಟ್ಟಿದ ಯಂತ್ರಾದೇಶಗಳ ವಿಳಾಸಪಟ್ಟಿ; ಪ್ರೋಗ್ರಾಂ ಓಡುವ ಗೋ ಹಂತದಲ್ಲಿ ಸಿಸ್‌ಯುಡಂಪ್ ಡಿಡಿ ಸಾಲು, ಅಂದರೆ ನಿಂತಾಗಿನ ಮೆಮೊರಿಯ ಡಂಪ್ (ಪ್ರತಿ) ಅಚ್ಚಾಗಲು ಬರೆಯುವ ಸಾಲು. ಡಂಪಿನ ಪಿಎಸ್‌ಡಬ್ಲ್ಯುನಲ್ಲಿ (ಪ್ರೋಗ್ರಾಂ ಎಲ್ಲಿಗೆ ಬಂದಿತ್ತು ಎಂದು ಹೇಳುವ ಯಂತ್ರದ ಗುರುತು) ಕೊನೆಯ ಮೂರು ಬೈಟು 094186 ಎಂದಿದೆ, ಪ್ರೋಗ್ರಾಂ 094000ದಲ್ಲಿ ಲೋಡ್ ಆಗಿದೆ ಅನ್ನಿ. ಕಳೆದರೆ 186. ಆದರೆ ಪಿಎಸ್‌ಡಬ್ಲ್ಯು ತೋರಿಸುವುದು ಮುಂದಿನ ಆದೇಶವನ್ನು. ಪಕ್ಕದಲ್ಲೇ ಐಎಲ್‌ಸಿ (ಆದೇಶದ ಉದ್ದ, ಬೈಟುಗಳಲ್ಲಿ) 6 ಎಂದು ಇರುತ್ತದೆ, ಅದನ್ನೂ ಕಳೆಯಿರಿ: 180. ಪಿಮ್ಯಾಪ್ ಪಟ್ಟಿಯಲ್ಲಿ 180ರ ಎದುರಿಗಿರುವ ಕೋಬಾಲ್ ಸಾಲೇ ಅಪರಾಧಿ. ಐಎಲ್‌ಸಿ ಕಳೆಯುವುದನ್ನು ಮರೆತವರು ಒಂದು ಸಾಲು ಮುಂದೆ ಹುಡುಕುತ್ತಾ ಗಂಟೆಗಟ್ಟಲೆ ಕಳೆಯುತ್ತಾರೆ. ಲೆಕ್ಕವೆಲ್ಲ ಹೆಕ್ಸ್‌ನಲ್ಲೇ ಮಾಡಬೇಕು ಎಂಬುದು ನೆನಪಿರಲಿ.

ಮೂಲ ಕಾರಣ ಸಾಮಾನ್ಯವಾಗಿ ಆ ಸಾಲಿನಲ್ಲಿರುವುದಿಲ್ಲ. ‘ವ್ಯಾಲ್ಯೂ ಜೀರೋ’ ಕೊಡದ ಮೊತ್ತದ ಅಂಕಣ, ಒಂದು ಬೈಟು ಸರಿದ ರೆಕಾರ್ಡ್ ವಿನ್ಯಾಸ, ಡೇಟಾ ಎಂದು ಓದಿಸಿದ ತಲೆಬರಹದ ಸಾಲು, ಇವನ್ನು ಮೊದಲು ನೋಡಿ. ಅಂಕಣಗಳಿಗೆ ಆರಂಭದ ಬೆಲೆ ತುಂಬುವ ‘ಇನಿಷಿಯಲೈಜ್’ ಕೋಬಾಲ್‌-85ರಲ್ಲಿ ಬಂದದ್ದು, ಈ ಹಳೆಯ ಕಂಪೈಲರಿಗೆ ಅದು ಗೊತ್ತಿಲ್ಲ. ಹಾಗಾಗಿ ಸ್ಪೇಸಸ್ ತುಂಬಿದ ಮೇಲೆ ಪ್ರತಿ ಸಂಖ್ಯಾ ಅಂಕಣಕ್ಕೂ ಬೇರೆಯಾಗಿ ಸೊನ್ನೆ ಹಾಕಿ. ಹೊರಗಿನಿಂದ ಬಂದ ತೂಕವನ್ನು ‘ಇಫ್ ನ್ಯೂಮೆರಿಕ್’ ಪರೀಕ್ಷೆಗೆ ಒಡ್ಡದೆ ಕೂಡಿಸಬೇಡಿ.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಬ್ಯಾಟರಿ ಮುಗಿದು ಲ್ಯಾಪ್‌ಟಾಪ್ ದಿಢೀರ್ ನಿಂತರೆ ಎಮ್ಯುಲೇಟರಿನ ಡಿಸ್ಕ್ ಕಡತಗಳು ಕೆಡಬಹುದು. ಬ್ಯಾಟರಿ ಕಾಲುಭಾಗಕ್ಕೆ ಇಳಿದಾಗಲೇ ಟಿಎಸ್‌ಒ (ಟರ್ಮಿನಲ್ ಬಳಕೆದಾರರ ವ್ಯವಸ್ಥೆ) ನಿಲ್ಲಿಸಿ, ಜೆಇಎಸ್‌2 (ಕೆಲಸಗಳ ಸರದಿ ನೋಡುವ ಭಾಗ) ಮುಚ್ಚಿ, ದಿನದ ಕೆಲಸ ಮುಗಿಸುವ ‘ಜೆಡ್ ಇಒಡಿ’ ಆದೇಶ ಕೊಟ್ಟು, ವ್ಯವಸ್ಥೆಯನ್ನು ತಣ್ಣಗಾಗಿಸುವ ‘ಕ್ವಯೆಸ್’ ಆದ ಮೇಲಷ್ಟೇ ಹರ್ಕ್ಯುಲಿಸ್‌ನಿಂದ ಹೊರಬನ್ನಿ.