ಗುಜರಿಯವರೂ ಬೇಡವೆಂದ ಹಾಸಿಗೆ

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅದಕ್ಕೆ ಇನ್ನೂ ತಿಂಗಳಿದೆ ಎನ್ನುವಾಗಲೇ ಹಳೆ ದಾವಣಗೆರೆಯ ಮನೆಗಳಲ್ಲಿ ಸುಣ್ಣಬಣ್ಣದ ಕೆಲಸ ಶುರುವಾಗುತ್ತದೆ. ಬೀಗರು, ನೆಂಟರು ಬಂದಿಳಿಯುವ ಮೊದಲು ಅಟ್ಟ ಖಾಲಿಯಾಗಬೇಕು, ಮಂಚದಡಿಯ ಟ್ರಂಕುಗಳು ಹೊರಬರಬೇಕು. ಕಳೆದ ಜಾತ್ರೆಗೆ ನಮ್ಮ ಮನೆಯ ಅಟ್ಟ ಇಳಿಸಿದಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಳ್ಳುಗಾಡಿಯ ಗುಜರಿಯವರನ್ನು ಕರೆದೆವು.

ಅವರು ದರ ಹೇಳುವ ಮೊದಲು ಜೇಬಿನಿಂದ ಒಂದು ಅಯಸ್ಕಾಂತದ ಬಿಲ್ಲೆ ತೆಗೆದರು. ಯಾವುದೋ ಹಳೆಯ ಸ್ಪೀಕರಿನಿಂದ ಬಿಚ್ಚಿಕೊಂಡದ್ದು. ಸ್ಟೀಲ್ ಡಬ್ಬಿಗಳಿಗೆ ಅದನ್ನು ಒಂದೊಂದಾಗಿ ತಾಗಿಸಿ, ಅಂಟದವನ್ನು ಒಂದು ಕಡೆ, ಅಂಟಿದವನ್ನು ಇನ್ನೊಂದು ಕಡೆ ಇಟ್ಟರು. ಮುರಿದ ನಲ್ಲಿಯನ್ನು ಕಲ್ಲಿಗೆ ಉಜ್ಜಿ, ಬೆಳ್ಳನೆಯ ಲೇಪದಡಿ ಹಳದಿ ಹೊಳಪು ಕಂಡೊಡನೆ ಹಿತ್ತಾಳೆ ಎಂದರು. ಬಗ್ಗುವ ಬಕೀಟಿಗೆ ಒಂದು ದರ, ಸಿಡಿದು ಒಡೆಯುವ ಪ್ಲಾಸ್ಟಿಕ್ಕಿಗೆ ಇನ್ನೊಂದು. ರದ್ದಿ ಪೇಪರ್ ಬೇರೆ, ರಟ್ಟು ಬೇರೆ. ಕಾಲು ಗಂಟೆಯಲ್ಲಿ ನಮ್ಮ ಮೂವತ್ತು ವರ್ಷದ ಸಂಸಾರ ಎಂಟು ರಾಶಿಯಾಗಿತ್ತು. ಕಸ ವಿಂಗಡಣೆಯ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇನೆ. ಕೆಲಸ ಬಲ್ಲ ಕೈಯನ್ನು ನೋಡಿದ್ದು ಅಂದೇ.

ಗಾಡಿ ಹೊರಟ ಮೇಲೆ ಅಂಗಳದಲ್ಲಿ ಉಳಿದವು ಇಷ್ಟು: ಒಂದು ಫೋಮ್ ಹಾಸಿಗೆ, ಹೊಟ್ಟು ಒತ್ತಿ ಮಾಡಿದ ಹಲಗೆಯ ಉಬ್ಬಿದ ಕಪಾಟು, ಎರಡು ಟ್ಯೂಬ್‌ಲೈಟು, ಅರ್ಧ ಗಟ್ಟಿಯಾದ ಪೇಂಟ್ ಡಬ್ಬ, ಅವಧಿ ಮೀರಿದ ಮಾತ್ರೆಗಳ ಚೀಲ. ಅಜ್ಜನ ಕಾಲದಲ್ಲಿ ಈ ಪಟ್ಟಿಯೇ ಇರುತ್ತಿರಲಿಲ್ಲ. ಆಗಲೂ ಮನೆ ಖಾಲಿ ಮಾಡುತ್ತಿದ್ದರು, ಆದರೆ ಹೊರಬಿದ್ದ ಪ್ರತಿಯೊಂದಕ್ಕೂ ಮುಂದೆ ಒಂದು ಕೈ ಕಾದಿರುತ್ತಿತ್ತು. ಆ ಕೈಗಳು ಹೇಗೆ ತಪ್ಪಿಹೋದವು ಎಂಬುದೇ ನಮ್ಮ ಕಸದ ಚರಿತ್ರೆ.

ಮೊದಲ ಕೈ ತಿಪ್ಪೆಯದು. ಬೂದಿ, ಸಗಣಿ, ಎಂಜಲೆಲೆ, ಕಸಪೊರಕೆಯ ಕಡ್ಡಿ ಎಲ್ಲವೂ ಅಲ್ಲಿ ಸೇರಿ ವರ್ಷಕ್ಕೊಮ್ಮೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು. ದೀಪಾವಳಿಯಲ್ಲಿ ತಿಪ್ಪೆಗೂ ದೀಪವಿಟ್ಟು ಪೂಜಿಸುವ ರೂಢಿ ನಮ್ಮ ಕಡೆಯ ಹಳ್ಳಿಗಳಲ್ಲಿ ಇನ್ನೂ ಇದೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರಿನಿಂದಾಗಿ ತಿಪ್ಪೇಸ್ವಾಮಿ, ತಿಪ್ಪಮ್ಮ, ತಿಪ್ಪೇಶ ಎಂದು ಮಕ್ಕಳಿಗೆ ಹೆಸರಿಡುವ ಸೀಮೆ ಇದು. ಆ ಪದಕ್ಕೆ ಇಲ್ಲಿ ಅಸಹ್ಯ ಅಂಟಿರಲಿಲ್ಲ.

ಹಾಸಿಗೆಗೂ ಕೈಯಿತ್ತು. ಹತ್ತಿಯಿಂದಲೇ ಬೆಳೆದು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನಲ್ಲಿ ಹಾಸಿಗೆಯೆಂದರೆ ಹತ್ತಿಯ ಹಾಸಿಗೆ. ಗಂಟುಕಟ್ಟಿದಾಗ ಪಿಂಜಾರರು ಬಿಲ್ಲು ಹಿಡಿದು ಮನೆಗೇ ಬರುತ್ತಿದ್ದರು. ಬಿಲ್ಲಿನ ಹೆದೆಯ ಸದ್ದು ಓಣಿಯ ತುದಿಗೆ ಕೇಳುತ್ತಿತ್ತು, ಹಿಂಜಿದ ಹತ್ತಿ ಮಂಜಿನಂತೆ ಹಾರಿ ಅವರ ಹುಬ್ಬಿನ ಮೇಲೆ ಕೂರುತ್ತಿತ್ತು. ಮೇಲುಬಟ್ಟೆ ಹೊಸದು, ಒಳಗಿನದು ಅದೇ ಹತ್ತಿ. ಮದುವೆಗೆ ಕೊಟ್ಟ ಹಾಸಿಗೆ ಮೊಮ್ಮಕ್ಕಳ ಕಾಲಕ್ಕೆ ದಿಂಬಾಗುತ್ತಿತ್ತು. ಹಳೆಯ ಸೀರೆ ಕೌದಿಯಾಗುತ್ತಿತ್ತು, ಇಲ್ಲವೇ ಪಾತ್ರೆ ಮಾರುವವರ ಬುಟ್ಟಿ ಸೇರಿ ಸ್ಟೀಲ್ ಡಬ್ಬಿಯಾಗಿ ಮರಳುತ್ತಿತ್ತು.

ಈ ಸರಪಳಿ ಒಂದೇ ದಿನ ಕಡಿಯಲಿಲ್ಲ. ಪಟ್ಟಣದ ಕಸವನ್ನು ಮಣ್ಣಿಗೆ ಮರಳಿಸುವ ಯೋಚನೆ ವಿಜ್ಞಾನಿಗಳಿಗೂ ಇತ್ತು. ಗುಂಡಿಯಲ್ಲಿ ಕಸವನ್ನೂ ಮಲವನ್ನೂ ಪದರಪದರವಾಗಿ ಹಾಕಿ ಗೊಬ್ಬರ ಮಾಡುವ, ಇಂದಿಗೂ ‘ಬೆಂಗಳೂರು ವಿಧಾನ’ ಎಂದೇ ಕರೆಯುವ ಪದ್ಧತಿಯನ್ನು ಸಿ.ಎನ್. ಆಚಾರ್ಯ ರೂಪಿಸಿದ್ದು 1939ರಲ್ಲಿ. ಹುಬ್ಬಳ್ಳಿ–ಧಾರವಾಡದಲ್ಲಿ ಇಂತಹ ಗುಂಡಿಗಳ ಗೊಬ್ಬರವನ್ನು ರೈತರು ಹರಾಜಿನಲ್ಲಿ ಕೊಳ್ಳುತ್ತಿದ್ದ ಕಾಲವಿತ್ತು. ಆಮೇಲೆ ಒಂದು ಕಡೆಯಿಂದ ಅಂಗಡಿಯ ರಸಗೊಬ್ಬರ ಬಂತು, ಇನ್ನೊಂದು ಕಡೆಯಿಂದ ಕಸದೊಳಗೆ ಪ್ಲಾಸ್ಟಿಕ್ ಚೀಲ ಬಂತು. ಗಾಜು, ಬ್ಲೇಡು, ಹಾಲಿನ ಪೊಟ್ಟಣ ಬೆರೆತ ಗೊಬ್ಬರವನ್ನು ಯಾವ ರೈತ ತನ್ನ ಹೊಲಕ್ಕೆ ಹಾಕಿಕೊಳ್ಳುತ್ತಾನೆ? ರೈತನ ಕೈ ಹಿಂದೆ ಸರಿದ ದಿನದಿಂದ ಊರಿನ ಕಸ ಊರಾಚೆ ಸುರಿಯುವ ವಸ್ತುವಾಯಿತು. ದಾವಣಗೆರೆಯ ಪಾಲಿಗೆ ಆ ಊರಾಚೆಯ ಹೆಸರು ಆವರಗೊಳ್ಳ. ಅಲ್ಲಿಯೂ ಜನ ಬದುಕುತ್ತಾರೆ, ಬಾವಿ ತೋಡುತ್ತಾರೆ, ಬೆಳೆ ತೆಗೆಯುತ್ತಾರೆ. ಜಾತ್ರೆಯ ಮುನ್ನಾ ದಿನ ನಾವು ಬೀದಿಗೆ ಎಸೆದದ್ದು ಅವರ ಗಾಳಿಗೆ ಸೇರುತ್ತದೆ ಎಂಬುದನ್ನು ಮರೆಯುವ ಹಕ್ಕು ನಮಗಿಲ್ಲ.

ಕಾನೂನು ತಡವಾಗಿ ಬಂತು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಊರುಗಳ ಕಸದ ವಿಚಾರವಾಗಿ 1996ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ, 2000ದಲ್ಲಿ ಪುರಸಭೆಗಳಿಗೆಂದು ಮೊದಲ ಘನತ್ಯಾಜ್ಯ ನಿಯಮಗಳು ಜಾರಿಯಾದವು. 2016ರ ನಿಯಮಗಳು ಹೊಣೆಯನ್ನು ಮನೆಬಾಗಿಲಿಗೆ ತಂದವು: ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಮೂರಾಗಿ ಬೇರ್ಪಡಿಸಿ ಕೊಡುವುದು ಕಸ ಮಾಡಿದವರ ಕರ್ತವ್ಯವಾಯಿತು. 2026ರ ಏಪ್ರಿಲ್ 1ರಿಂದ ಜಾರಿಗೆಂದು ಹೊರಡಿಸಿದ ಹೊಸ ನಿಯಮಗಳಲ್ಲಿ ಅದು ನಾಲ್ಕಾಗಿದೆ. ಡೈಪರ್, ಪ್ಯಾಡುಗಳ ನೈರ್ಮಲ್ಯ ಕಸ ಬೇರೆ. ಬಲ್ಬು, ಪೇಂಟ್, ಔಷಧಿಗಳಂತಹ ವಿಶೇಷ ಎಚ್ಚರಿಕೆಯ ಕಸ ಬೇರೆ. ನಮ್ಮ ಅಂಗಳದಲ್ಲಿ ಉಳಿದ ರಾಶಿಯಲ್ಲಿ ಕೆಲವಕ್ಕಾದರೂ ಕೊನೆಗೂ ಒಂದು ಹೆಸರು ಸಿಕ್ಕಂತಾಯಿತು.

ಮುಂದಿನ ಕೈ ಸಿಕ್ಕರೆ ಸಾಲದು, ಅದು ಏನು ಮಾಡುತ್ತದೆ ಎಂಬುದೂ ಮುಖ್ಯ. ಇದನ್ನು ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂಡಕ್ಕಿ ಭಟ್ಟಿಗಳಲ್ಲಿ ಹಳೆಯ ಟೈರುಗಳನ್ನು ಉರಿಸುತ್ತಿದ್ದಾಗ ಟೈರಿಗೂ ಒಬ್ಬ ಗಿರಾಕಿ ಇದ್ದ. ಆ ಕಪ್ಪು ಹೊಗೆ ಮಾತ್ರ ಸುತ್ತಲಿನವರ ಎದೆಗೂಡಿಗೆ ಇಳಿಯಿತು. ಹಳೆಯ ಡಬ್ಬಾ ಟಿ.ವಿ.ಯ ಕಥೆಯೂ ಅದೇ. ಒಳಗಿನ ತಾಮ್ರದ ಸುರುಳಿಗಷ್ಟೇ ಬೆಲೆ, ಸೀಸ ಬೆರೆತ ಗಾಜು ಖಾಲಿ ನಿವೇಶನಕ್ಕೆ. ವೈರಿನ ಸಿಪ್ಪೆ ಸುಲಿಯುವ ಬದಲು ಸುಟ್ಟರೆ ತಾಮ್ರ ಬೇಗ ಕೈಗೆ ಬರುತ್ತದೆ, ವಿಷ ಉಸಿರಿಗೆ ಹೋಗುತ್ತದೆ. ಇದಕ್ಕೆಂದೇ 2012ರ ಮೇ ತಿಂಗಳಿಂದ ಇ-ತ್ಯಾಜ್ಯಕ್ಕೆ ಪ್ರತ್ಯೇಕ ನಿಯಮಗಳಿವೆ, ತಯಾರಿಸಿದ ಕಂಪನಿಯೇ ಹೊಣೆ ಹೊರಬೇಕೆಂಬ ತತ್ವವಿದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳ ವ್ಯಾಪ್ತಿಗೆ 106 ಬಗೆಯ ಉಪಕರಣಗಳು ಸೇರಿವೆ.

ಇವುಗಳ ನಡುವೆ ಗೆದ್ದದ್ದು ಒಂದಿದೆ: ಯುಪಿಎಸ್ ಬ್ಯಾಟರಿ. 2001ರ ನಿಯಮಗಳು ಹಳೆಯ ಬ್ಯಾಟರಿಯನ್ನು ಮಾರಾಟಗಾರರೇ ಹಿಂಪಡೆಯಬೇಕೆಂದವು, ಒಳಗಿನ ಸೀಸಕ್ಕೂ ಬೆಲೆಯಿತ್ತು. ಹೊಸದನ್ನು ಕೊಳ್ಳುವಾಗ ಹಳೆಯದಕ್ಕೆ ದುಡ್ಡು ಕಳೆದುಕೊಡುತ್ತಾರೆ. ಹಾಗಾಗಿ ಅದನ್ನು ಯಾರೂ ಚರಂಡಿಗೆ ಎಸೆಯುವುದಿಲ್ಲ. ಕಾನೂನು ಮತ್ತು ಬೆಲೆ ಎರಡೂ ಒಂದೇ ದಿಕ್ಕಿಗೆ ಎಳೆದರೆ ಜನರಿಗೆ ಉಪದೇಶ ಬೇಕಾಗುವುದಿಲ್ಲ. ಟ್ಯೂಬ್‌ಲೈಟಿಗೆ ಕಾನೂನಿದೆ, ಬೆಲೆಯಿಲ್ಲ. ಫೋಮ್ ಹಾಸಿಗೆಗಂತೂ ಹಗುರವಾದ ಮೈಯೇ ಶಾಪ: ಗಾಡಿ ತುಂಬ ಹೊತ್ತರೂ ತಕ್ಕಡಿಯಲ್ಲಿ ನಾಲ್ಕು ಕಾಸು ತೂಗುವುದಿಲ್ಲ.

ಮನೆ ಖಾಲಿ ಮಾಡುವವರಿಗೆ ನನ್ನ ಅನುಭವದಿಂದ ಹೇಳುವುದಾದರೆ, ಅವಸರವೇ ದೊಡ್ಡ ಶತ್ರು. ಒಂದೇ ದಿನದಲ್ಲಿ ಮುಗಿಸಲು ಟ್ರ್ಯಾಕ್ಟರ್ ಕರೆದರೆ ಕೌದಿಯೂ ಕಪಾಟೂ ಇಟ್ಟಿಗೆ ಚೂರೂ ಒಂದಾಗಿ ಯಾವುದೋ ಹಳ್ಳ ಸೇರುತ್ತವೆ. ಉಡಬಹುದಾದ ಬಟ್ಟೆ, ಓದಬಹುದಾದ ಪುಸ್ತಕ, ಬೇಯಿಸಬಹುದಾದ ಪಾತ್ರೆ ಮೊದಲು ಬೇಕಾದವರಿಗೆ ಹೋಗಲಿ, ಒಗೆದು ಒಣಗಿಸಿ, ಕೊಡುವಂತೆ ಕೊಟ್ಟು. ಆಮೇಲೆ ರಿಪೇರಿ, ಆಮೇಲೆ ಗುಜರಿ. ಗೋಡೆ ಒಡೆದ ಮಣ್ಣು, ಇಟ್ಟಿಗೆಯನ್ನು ಇವುಗಳ ಜೊತೆ ಬೆರೆಸಬಾರದು, ಅದಕ್ಕೆ 2016ರಿಂದಲೇ ಬೇರೆ ನಿಯಮವಿದೆ. ಮಾತ್ರೆಗಳನ್ನು ಬಚ್ಚಲಿಗೆ ಸುರಿಯಬಾರದು. ಏನನ್ನೂ ಸುಡಬಾರದು.

ನಮ್ಮ ಹಾಸಿಗೆ ಹನ್ನೆರಡು ದಿನ ಗೋಡೆಗೆ ಒರಗಿತ್ತು. ಆಟೋ, ಟ್ರ್ಯಾಕ್ಟರುಗಳ ಸೀಟು ಹೊಲಿಯುವ ಕುಶನ್ ಅಂಗಡಿಯವರೊಬ್ಬರು ಬಂದು, ಹೆಬ್ಬೆರಳಿನಿಂದ ಒತ್ತಿ, ಫೋಮ್ ಮತ್ತೆ ಮೇಲೇಳುವುದನ್ನು ನೋಡಿ ಒಪ್ಪಿಕೊಂಡರು. ಕುಗ್ಗಿಹೋದ ನಡುಭಾಗವನ್ನು ಚಾಕುವಿನಿಂದ ಕತ್ತರಿಸಿ ಬಿಟ್ಟುಹೋದರು, ತಲೆ ಮತ್ತು ಕಾಲಿನ ಕಡೆಯವು ಸೀಟುಗಳಾದವು. ಮೇಲುಬಟ್ಟೆಯನ್ನು ನಮ್ಮ ಅಮ್ಮ ಒರೆಸುವ ಬಟ್ಟೆಗಳಾಗಿ ಹರಿದಿಟ್ಟುಕೊಂಡರು. ಟ್ಯೂಬ್‌ಲೈಟುಗಳಲ್ಲಿ ಪಾದರಸವಿದೆ, ಒಡೆಯಬಾರದು ಎಂದು ರಟ್ಟು ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿದ್ದೇನೆ. ಅವು ಇನ್ನೂ ಅಲ್ಲಿಯೇ ಇವೆ.