ಒಳಗಿನ ಮಷಿನ್ ಯಾರದ್ದು ಅಂತ ಕೇಳುವವರಿಗೆ

"ಸರ್, ಇದರೊಳಗೆ ಬರೀ 7750 ಮಷಿನ್ ಇದೆಯಂತೆ. ಕಂಪನಿಯವರು ಮೋಸ ಮಾಡಿದ್ದಾರೆ." ದುಬಾರಿ ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚ್ ಕೂಡ ಇರುವ ಕೈಗಡಿಯಾರ, ಹಿಡಿದು ಹುಬ್ಬಳ್ಳಿ ಕೊಪ್ಪಿಕರ್ ರಸ್ತೆಯ ನನ್ನ ವಾಚ್ ರಿಪೇರಿ ಅಂಗಡಿಗೆ ಬರುವವರಲ್ಲಿ ಬಹಳ ಜನರ ಮಾತು ಇದೇ. 7750 ಅಂದರೆ ವಾಲ್ಜೂ ಹೆಸರಿನ, ಅನೇಕ ವಾಚ್ ಕಂಪನಿಗಳು ಕೊಂಡು ಬಳಸುವ ರೆಡಿ ಮಷಿನ್. ಮೊಬೈಲ್‌ನಲ್ಲಿ ಯಾರದ್ದೋ ವಿಡಿಯೋ ನೋಡಿರುತ್ತಾರೆ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: "ಹಾಗಾದ್ರೆ ಸಾದಾ 7750 ರೇಟಿಗೇ ಸರ್ವಿಸ್ ಮಾಡಿ, ಪಾರ್ಟ್ ಬೇಕಾದ್ರೆ ಬೇರೆ ವಾಚಿಂದ ತೆಗೆದು ಹಾಕಿ." ಇದನ್ನು ಕೇಳಿದಾಗ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ.

ಬೇರೆಯವರ ಮಷಿನ್ ತಗೊಂಡು ಅದನ್ನು ತಿದ್ದಿ ತಮ್ಮದು ಮಾಡಿಕೊಳ್ಳುವುದು ಸ್ವಿಸ್ ಗಡಿಯಾರದವರ ಹಳೇ ಪದ್ಧತಿ. ಪಾಟೆಕ್ ಫಿಲಿಪ್‌ನವರೂ ಲೆಮಾನಿಯಾ ಕಂಪನಿಯ 2310 ಮಷಿನ್ ಮೇಲೆ ವರ್ಷಗಟ್ಟಲೆ ಕ್ರೋನೋಗ್ರಾಫ್ ಮಾಡಿದ್ದಾರೆ. ರೋಲೆಕ್ಸ್‌ನವರ ಡೇಟೋನಾ ಎಂಬ ಕ್ರೋನೋಗ್ರಾಫ್ ಒಳಗೆ 1988ರಿಂದ 2000ದವರೆಗೆ ಇದ್ದದ್ದು ಜೆನಿತ್‌ನ ಎಲ್ ಪ್ರಿಮೆರೋ. ಆ ಮಷಿನ್ ಗಂಟೆಗೆ 36,000 ಸಲ ಬಡಿಯುತ್ತದೆ. ರೋಲೆಕ್ಸ್‌ನವರು ಅದನ್ನು 28,800ಕ್ಕೆ ಇಳಿಸಿದರು, ತಾರೀಖು ತೆಗೆದರು, ಆ ಕಡೆ ಈ ಕಡೆ ತೂಗಿ ಹೊತ್ತು ಅಳೆಯುವ ಬ್ಯಾಲೆನ್ಸ್ ಚಕ್ರ ಮತ್ತು ಅದನ್ನು ತೂಗಿಸುವ ಹೇರ್‌ಸ್ಪ್ರಿಂಗ್ ತಮ್ಮವೇ ಹಾಕಿದರು. ಬಡಿತ ಇಳಿಸಿದ ಮೇಲೆ ಚಕ್ರಗಳ ಹಲ್ಲಿನ ಲೆಕ್ಕವನ್ನೂ ಬದಲಿಸಲೇಬೇಕು, ಅಲ್ವಾ? ಅಂಥ ಡೇಟೋನಾಕ್ಕೆ ಎಲ್ ಪ್ರಿಮೆರೋದ ಬ್ಯಾಲೆನ್ಸ್ ತಂದು ಹಾಕಿ ಅಂದರೆ ಹೇಗೆ? ಹೇಗೋ ಕೂರಿಸಿದರೂ ವಾಚ್ ಗಂಟೆಗೆ 15 ನಿಮಿಷ ಮುಂದೆ ಓಡುತ್ತದೆ. ತಳದ ಮಷಿನ್ ಒಂದೇ ಆದರೂ ಪಾರ್ಟ್ ಒಂದೇ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನರಿಗೆ ಹತ್ತುವುದಿಲ್ಲ.

7750 ಅಂದರೆ ತಾತ್ಸಾರವೂ ಬೇಡ. ಎಡ್ಮಂಡ್ ಕಾಪ್ 1970ರ ದಶಕದಲ್ಲಿ ರೂಪಿಸಿದ ಮಷಿನ್ ಅದು. 30 ಮಿ.ಮೀ. ಅಗಲ, 7.9 ಮಿ.ಮೀ. ದಪ್ಪ. ಗಟ್ಟಿಯಾಗಿದೆ, ಮೇಲೆ ಇನ್ನಷ್ಟು ಕೆಲಸ ಹೇರಿದರೂ ತಡೆದುಕೊಳ್ಳುತ್ತದೆ. 1985ರಲ್ಲಿ ಐಡಬ್ಲ್ಯೂಸಿ ಎಂಬ ಸ್ವಿಸ್ ವಾಚ್ ಕಂಪನಿಯ ಕುರ್ಟ್ ಕ್ಲೌಸ್ ಇದರ ಮೇಲೆ ಲೀಪ್ ವರ್ಷವನ್ನೂ ತಾನೇ ಲೆಕ್ಕ ಹಾಕುವ ಕ್ಯಾಲೆಂಡರ್ ಕೂರಿಸಿದರು. 1992ರಲ್ಲಿ ಅದೇ ಕಂಪನಿಗೆ ರಿಚರ್ಡ್ ಹಾಬ್ರಿಂಗ್ ಇದರಿಂದಲೇ ಎರಡು ಸೆಕೆಂಡ್ ಮುಳ್ಳಿನ ಕ್ರೋನೋಗ್ರಾಫ್ ಮಾಡಿದರು.

ಈ ಎರಡು ಮುಳ್ಳಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಳ್ಳುಗಳು ಒಂದರ ಮೇಲೊಂದು ಓಡುತ್ತಿರುತ್ತವೆ. ಗುಂಡಿ ಒತ್ತಿದರೆ ಒಂದು ನಿಲ್ಲುತ್ತದೆ, ಇನ್ನೊಂದು ಓಡುತ್ತಲೇ ಇರುತ್ತದೆ. ಮತ್ತೆ ಒತ್ತಿದರೆ ನಿಂತದ್ದು ಚಂಗನೆ ಹಾರಿ ಓಡುವುದರ ಜೊತೆ ಸೇರುತ್ತದೆ. ಒಳಗೆ ನಡೆಯುವುದೇನೆಂದರೆ, ಇಕ್ಕಳದಂಥ ಎರಡು ತೋಳು ನಿಲ್ಲುವ ಮುಳ್ಳಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುತ್ತವೆ. ಓಡುವ ಮುಳ್ಳಿನ ಜೊತೆ ಹೃದಯದ ಆಕಾರದ ಒಂದು ಪುಟ್ಟ ಬಿಲ್ಲೆ ತಿರುಗುತ್ತಿರುತ್ತದೆ, ಅದರ ಅಂಚಿಗೆ ಸಣ್ಣದೊಂದು ಮಾಣಿಕ್ಯದ ಕಲ್ಲು ಸ್ಪ್ರಿಂಗ್ ಬಲದಿಂದ ಒತ್ತಿಕೊಂಡಿರುತ್ತದೆ. ಒಂದು ಮುಳ್ಳನ್ನು ಹಿಡಿದಿರುವಾಗ ಆ ಎಳೆತವೆಲ್ಲ ಬ್ಯಾಲೆನ್ಸ್ ಮೇಲೆ ಬಿದ್ದು ಅದರ ತೂಗಾಟ ಕಡಿಮೆ ಆಗುತ್ತದೆ. ಸ್ಪ್ರಿಂಗ್ ಬಿಗಿ ಜಾಸ್ತಿ ಆದರೆ ವಾಚೇ ನಿಲ್ಲಬಹುದು, ಸಡಿಲ ಆದರೆ ಮುಳ್ಳುಗಳು ಸರಿಯಾಗಿ ಕೂಡುವುದಿಲ್ಲ. ಕಣ್ಣಿಗೆ ಲೂಪ್ ಹಾಕಿಕೊಂಡು, ಕೂದಲೆಳೆಯಂಥ ಆ ಸ್ಪ್ರಿಂಗನ್ನು ಬಗ್ಗಿಸಿ, ಕ್ರೋನೋ ಓಡಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ, ಒಂದು ಮುಳ್ಳು ಹಿಡಿದು ಒಮ್ಮೆ, ಫುಲ್ ಕೀಲಿಯಲ್ಲೂ ಕೀಲಿ ಇಳಿದ ಮೇಲೂ ನೋಡಬೇಕು. ಸಾದಾ 7750 ರೇಟಿಗೆ ಇದು ಹೇಗಾದರೂ ಆಗುತ್ತದೆ?

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಕಾಕಾ ಒಬ್ಬರು, ಮಗ ಕೊಟ್ಟ ವಾಚಿನ ಬಗ್ಗೆ ಇದೇ ಕೊರಗು ಹೇಳುತ್ತಿದ್ದರು. ನಾನು ಅರ್ಧ ತಾಸು ವಿವರಿಸಿದರೂ ಮುಖ ಸಪ್ಪಗೇ ಇತ್ತು. ಜೊತೆಗಿದ್ದ ಕಾಕು ಒಂದೇ ಮಾತಿನಲ್ಲಿ ಮುಗಿಸಿದರು: "ಒಂದ ಗಿರಣಿ ಹಿಟ್ಟು ಅಂತ ಎಲ್ಲಾರ ಮನಿ ರೊಟ್ಟಿ ಒಂದ ಥರಾ ಆಗ್ತಾವೇನ್ರೀ?" ಕಾಕಾ ನಕ್ಕು ವಾಚ್ ಬಿಟ್ಟು ಹೋದರು. ಇಂಥ ಗಿರಾಕಿಗಳು ಸಿಕ್ಕರೆ ದಿನವೆಲ್ಲ ಕೂತು ಮಾತಾಡೋಣ ಅನಿಸುತ್ತದೆ.

ಹಾಗಂತ ತಿದ್ದಿದ್ದೆಲ್ಲ ದೊಡ್ಡ ಕೆಲಸ ಅಂತಲೂ ನಾನು ಹೇಳುವುದಿಲ್ಲ. ಕೆಲವರು ಕೈ ಆಡಿದಂತೆ ತಿರುಗಿ ಕೀಲಿ ಕೊಡುವ ರೋಟರ್ ಮೇಲೆ ಹೆಸರು ಕೆತ್ತಿ, ನಾಲ್ಕು ಪಟ್ಟಿ ಪಾಲಿಶ್ ಮಾಡಿ ಬಿಡುತ್ತಾರೆ. ಕೆಲವರು ಕ್ರೋನೋ ಓಡಿಸಿ ನಿಲ್ಲಿಸುವ ಕ್ಯಾಮ್ ಎಂಬ ಬಿಲ್ಲೆ ತೆಗೆದು, ಅದೇ ಕೆಲಸಕ್ಕೆ ಪುಟ್ಟ ಕಂಬಗಳಿರುವ ಚಕ್ರ, ಅಂದರೆ ಕಾಲಮ್ ವೀಲ್, ಹಾಕುವಷ್ಟು ಆಳಕ್ಕೆ ಇಳಿಯುತ್ತಾರೆ. ಯಾವುದು ಯಾವುದು ಅಂತ ಹಿಂದಿನ ಮುಚ್ಚಳ ತೆಗೆದು ನೋಡುವವರೆಗೆ ಹೇಳಲಾಗದು. ಫೋನಿನಲ್ಲಿ ರೇಟ್ ಕೇಳಿದರೆ ನಾನು ಹೇಳದಿರುವುದು ಅದಕ್ಕೇ.

ವಾಚ್ ತರುವಾಗ ಹಳೇ ಸರ್ವಿಸ್ ಬಿಲ್ ಇದ್ದರೆ ತನ್ನಿ, ಮಾಡೆಲ್ ನಂಬರ್ ಬರೆದ ಕಾರ್ಡ್ ತನ್ನಿ. ತಿದ್ದಿದ ಪಾರ್ಟ್ ಆದರೆ ಆ ಕಂಪನಿಯಿಂದಲೇ ತರಿಸಬೇಕಾಗಬಹುದು, ತಿಂಗಳುಗಟ್ಟಲೆ ಹಿಡಿಯಬಹುದು. ಅಲ್ಲಿಯವರೆಗೆ ಸುಮ್ನೆ ಗುಂಡಿ ಒತ್ತಿ ಒತ್ತಿ ನೋಡಬೇಡಿ.