ಮುಸ್ಕಾದೆ: ಗಸಿಯ ಮೇಲೆ ಮಾಗುವ ಬಿಳಿ ವೈನ್ ಮತ್ತು ಅದಕ್ಕೊಪ್ಪುವ ಆಹಾರ

ವೈನ್ ಮತ್ತು ಆಹಾರದ ಹೊಂದಾಣಿಕೆಯನ್ನು ಕಲಿಯುವವರಿಗೆ ಮುಸ್ಕಾದೆಗಿಂತ ಒಳ್ಳೆಯ ಮೊದಲ ಪಾಠವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪರಿಮಳದ ಆಡಂಬರ ಇದರಲ್ಲಿ ಕಡಿಮೆಯಾದ್ದರಿಂದ ಹುಳಿ ಏನು ಮಾಡುತ್ತದೆ, ಗಸಿ (ವೈನಿನ ತಳದಲ್ಲಿ ನಿಲ್ಲುವ ಯೀಸ್ಟ್) ಏನು ಮಾಡುತ್ತದೆ ಎಂಬುದು ನಾಲಗೆಗೆ ಬೇರೆಬೇರೆಯಾಗಿಯೇ ತಿಳಿಯುತ್ತದೆ.

ಫ್ರಾನ್ಸಿನ ಲ್ವಾರ್ ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವ ಪ್ರದೇಶದಲ್ಲಿ, ನಾಂತ್ ನಗರದ ಸುತ್ತಮುತ್ತ ಈ ವೈನ್ ತಯಾರಾಗುತ್ತದೆ. ಹೆಸರು ಮಸ್ಕಟ್ ದ್ರಾಕ್ಷಿಯನ್ನು ನೆನಪಿಸಿದರೂ ಎರಡಕ್ಕೂ ಸಂಬಂಧವಿಲ್ಲ. ವೈನ್ ಕುರಿತ ಪರೀಕ್ಷೆಗೆ ಓದುವವರು ಇಲ್ಲಿ ಎಡವುವುದುಂಟು. ಬಳಸುವ ದ್ರಾಕ್ಷಿ ಮೆಲೊಂ ದ ಬುರ್ಗೋನ್. ಹೆಸರೇ ಹೇಳುವಂತೆ ಇದು ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದಿಂದ ಬಂದ ತಳಿ, ಶಾರ್ಡನೇ ತಳಿಯ ಒಡಹುಟ್ಟು. 1709ರ ಭೀಕರ ಚಳಿಗಾಲದಲ್ಲಿ ನಾಂತ್ ಸೀಮೆಯ ಬಳ್ಳಿಗಳು ಹೆಪ್ಪುಗಟ್ಟಿ ಸತ್ತುಹೋದ ಮೇಲೆ, ಚಳಿಯನ್ನು ತಾಳಬಲ್ಲ ಈ ತಳಿಯನ್ನು ರೈತರು ವ್ಯಾಪಕವಾಗಿ ನೆಟ್ಟರು. ಬಟ್ಟಿ ಇಳಿಸಲು ಬಿಳಿ ವೈನ್ ಕೊಳ್ಳುತ್ತಿದ್ದ ಡಚ್ ವ್ಯಾಪಾರಿಗಳ ಬೇಡಿಕೆಯೂ ಇದಕ್ಕೆ ಒತ್ತಾಸೆಯಾಯಿತು. ಪ್ರದೇಶದ ಮುಖ್ಯ ಭಾಗವಾದ ಸೆವ್ರ್ ಎ ಮೇನ್‌ಗೆ 1936ರಲ್ಲಿ ಮೂಲಸ್ಥಾನದ ಕಾನೂನು ಮಾನ್ಯತೆ ದೊರೆಯಿತು.

ಲೇಬಲ್ಲಿನ ಮೇಲೆ ಕಾಣುವ ‘ಸುರ್ ಲೀ’ ಎಂಬ ಮಾತಿಗೆ ‘ಗಸಿಯ ಮೇಲೆ’ ಎಂದರ್ಥ. ಹುದುಗುವಿಕೆ ಮುಗಿದ ಬಳಿಕ ಸತ್ತ ಯೀಸ್ಟ್ ತೊಟ್ಟಿಯ ತಳದಲ್ಲಿ ಗಸಿಯಾಗಿ ನಿಲ್ಲುತ್ತದೆ. ಸಾಮಾನ್ಯವಾಗಿ ವೈನನ್ನು ಅದರಿಂದ ಬಸಿದು ಬೇರೆ ಮಾಡುತ್ತಾರೆ. ಇಲ್ಲಿಯಾದರೋ ಚಳಿಗಾಲವಿಡೀ ಅದರ ಮೇಲೆಯೇ ಬಿಟ್ಟು, ನಡುವೆ ತೊಟ್ಟಿ ಬದಲಿಸದೆ, ನೇರವಾಗಿ ಬಾಟಲಿಗೆ ತುಂಬುತ್ತಾರೆ. ಯೀಸ್ಟ್ ಕಣಗಳು ಒಡೆದು ಕರಗುತ್ತ ವೈನಿಗೆ ತುಸು ಮೈದುಂಬಿಕೆಯನ್ನೂ ಬ್ರೆಡ್ಡಿನ ಹಿಟ್ಟನ್ನು ನೆನಪಿಸುವ ಪರಿಮಳವನ್ನೂ ಕೊಡುತ್ತವೆ; ಉಳಿದ ಇಂಗಾಲದ ಡೈಆಕ್ಸೈಡ್ ನಾಲಗೆಯ ತುದಿಯಲ್ಲಿ ಸಣ್ಣಗೆ ಚುರುಗುಟ್ಟುತ್ತದೆ. ಆಲ್ಕೋಹಾಲ್ ಪ್ರಮಾಣ ಸುಮಾರು ಶೇ. 12ರಷ್ಟು ಮಾತ್ರ.

ಈಗ ಈ ವೈನಿಗೆ ಒಪ್ಪುವ ಸಿಂಪಿಯ (ಆಯ್ಸ್ಟರ್) ವಿಷಯಕ್ಕೆ ಬರೋಣ. ಫ್ರಾನ್ಸಿನ ಪಶ್ಚಿಮ ಕರಾವಳಿಯಲ್ಲಿ ಹಸಿ ಸಿಂಪಿಯ ಮೇಲೆ ನಿಂಬೆರಸ ಹಿಂಡುವ ರೂಢಿಯಿದೆ. ಆ ನಿಂಬೆಯ ಕೆಲಸವನ್ನೇ ಮುಸ್ಕಾದೆಯ ಹುಳಿ ಮಾಡುತ್ತದೆ. ಸಿಂಪಿಯ ಉಪ್ಪು ವೈನಿನ ಹುಳಿಯ ಹರಿತವನ್ನು ತಗ್ಗಿಸಿದರೆ, ಗಸಿಯಿಂದ ಬಂದ ಮೃದುತ್ವ ಸಿಂಪಿಯ ಸವಿಗೆ ಜೊತೆಯಾಗುತ್ತದೆ. ಇದೇ ಜಾಗಕ್ಕೆ ಕೆಂಪು ವೈನ್ ತಂದರೆ ಬಾಯಲ್ಲಿ ಅಹಿತವಾದ ಮೀನುವಾಸನೆ ಉಳಿಯುವ ಸಂಭವ ಹೆಚ್ಚು. ಇದಕ್ಕೆ ವೈನಿನಲ್ಲಿರುವ ಕಬ್ಬಿಣದ ಅಂಶ ಕಾರಣವೆಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಹಾಗಾಗಿ ‘ಮೀನಿಗೆ ಬಿಳಿ ವೈನ್’ ಎಂಬ ಹಳೆಯ ಸೂತ್ರದ ಹಿಂದೆ ರಸಾಯನಶಾಸ್ತ್ರವೂ ಇದೆ.

ನಮ್ಮ ಕರಾವಳಿಯವರು ಪಚ್ಚಿಲೆ ಎನ್ನುವ ಚಿಪ್ಪಿನ ಜಾತಿಯದೇ ಜೀವಿಯನ್ನು ಅಲ್ಲಿ ಸಣ್ಣ ಈರುಳ್ಳಿ ಮತ್ತು ಬಿಳಿ ವೈನಿನಲ್ಲಿ ಬೇಯಿಸುತ್ತಾರೆ. ಅದಕ್ಕೂ ಸುಟ್ಟ ಸಾರ್ಡೀನ್ ಮೀನಿಗೂ ಇದು ಸಲೀಸಾಗಿ ಒಪ್ಪುತ್ತದೆ. ನಾಂತ್ ಸೀಮೆಯ ಹೆಮ್ಮೆಯಾದ ‘ಬರ್ ಬ್ಲಾಂ’ ಸಾಸಿನ ಉದಾಹರಣೆ ಇನ್ನೂ ಬೋಧಪ್ರದ. ಸಣ್ಣ ಈರುಳ್ಳಿಯನ್ನು ವಿನೆಗರ್ ಮತ್ತು ವೈನಿನಲ್ಲಿ ಬತ್ತಿಸಿ, ತಣ್ಣನೆಯ ಬೆಣ್ಣೆಯನ್ನು ತುಂಡುತುಂಡಾಗಿ ಕಲಸಿ, ನದಿಮೀನಿನ ಮೇಲೆ ಸುರಿಯುತ್ತಾರೆ. ಅಷ್ಟು ಬೆಣ್ಣೆಯ ಜಿಡ್ಡನ್ನು ವೈನಿನ ಹುಳಿ ಪ್ರತಿ ಗುಟುಕಿಗೂ ತೊಳೆಯುವುದರಿಂದ ಮುಂದಿನ ತುತ್ತು ಮೊದಲಿನಷ್ಟೇ ರುಚಿಸುತ್ತದೆ. ಸಿಹಿ ತಿನಿಸು ಮತ್ತು ದಪ್ಪ ಮಸಾಲೆಯ ಮಾಂಸದ ಮುಂದೆ ಮಾತ್ರ ಈ ವೈನ್ ಸೊರಗುತ್ತದೆ.

ಮುಸ್ಕಾದೆ ಎಂದರೆ ತೆಳ್ಳನೆಯ ವೈನ್ ಎಂದು ತೀರ್ಮಾನಿಸುವುದು ಅನ್ಯಾಯ. ಕ್ಲಿಸ್ಸೋಂ ಮತ್ತು ಗೋರ್ಜ್ ಗ್ರಾಮಗಳ ಹೆಸರಿನಲ್ಲಿ ಬರುವ ವೈನ್‌ಗಳು ಕನಿಷ್ಠ ಎರಡು ವರ್ಷ ಗಸಿಯ ಮೇಲಿರುತ್ತವೆ. ಮೊದಲನೆಯದರ ನೆಲ ಗ್ರಾನೈಟ್, ಎರಡನೆಯದರದು ಗ್ಯಾಬ್ರೊ ಎಂಬ ಕಪ್ಪು ಅಗ್ನಿಶಿಲೆ. ಸಾಮಾನ್ಯ ಮುಸ್ಕಾದೆಯನ್ನು 8ರಿಂದ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಡಿಸಿದರೆ, ಇವುಗಳಿಗೆ ಇನ್ನೆರಡು ಡಿಗ್ರಿ ಹೆಚ್ಚಿರಬೇಕು. ಜೊತೆಗೆ ಕೆನೆ ಹಾಕಿದ ಮೀನು ಅಥವಾ ಕೋಳಿಯ ಖಾದ್ಯವನ್ನು ಧೈರ್ಯವಾಗಿ ಇಡಬಹುದು.